ಉಪ್ಪು ಹತ್ತಿದ ತಟ್ಟೆ

ಪಿಂಗಾಣಿಯ ವಿಷಯದಲ್ಲಿ ನಾನು ಶುದ್ಧ ದಡ್ಡ. ತಟ್ಟೆ ಅಂದರೆ ಸ್ಟೀಲಿನದು, ಬಿದ್ದರೆ ಬೀದಿಗೆಲ್ಲ ಕೇಳಿಸಬೇಕು, ಇದು ನಮ್ಮ ಮೈಸೂರಿನ ಮನೆಯ ಸಿದ್ಧಾಂತ. ಹಾಗಾಗಿ ಇಲ್ಲಿ ಸೋರ್ಡ್ಸ್ ಎಂಬ ಐರಿಶ್ ಊರಿನಲ್ಲಿ ಪಕ್ಕದ ಮನೆಯ ಮೋರೀನ್ ಅಜ್ಜಿ ಬಿಳಿಯ ತಟ್ಟೆಯೊಂದರಲ್ಲಿ ಸ್ಕೋನ್ ಎಂಬ ಬನ್ನು ತಂದುಕೊಟ್ಟಾಗ ನಾನು ನೋಡಿದ್ದು ಸ್ಕೋನನ್ನು ಮಾತ್ರ.

ತಿಂದು ಮುಗಿದ ಮೇಲೆ ತಟ್ಟೆ ಕಣ್ಣಿಗೆ ಬಿತ್ತು. ಅಂಚಿನಲ್ಲಿ ಬುಟ್ಟಿಯ ಹೆಣಿಗೆಯಂಥ ಚಿತ್ತಾರ. ಬೆರಳಾಡಿಸಿದರೆ ಕಿತ್ತಳೆ ಸಿಪ್ಪೆಯಂತೆ ಸಣ್ಣ ಸಣ್ಣ ಗುಳಿ. ಕುತೂಹಲ ತಡೆಯದೆ ಫೋನಿನಲ್ಲಿ ಹುಡುಕಿದೆ. ಹಳೆಯ ಇಂಗ್ಲಿಷ್ ಕುಂಬಾರರ ಕೆಲಸವಂತೆ. ಮಡಕೆ ಸುಡುವ ಆವಿಗೆ ಧಗಧಗ ಉರಿಯುವಾಗ ಅದರ ನೆತ್ತಿಯ ತೂತುಗಳಿಂದ ಉಪ್ಪು ಸುರಿಯುತ್ತಿದ್ದರಂತೆ. ಉಪ್ಪು ಹಬೆಯಾಗಿ, ಜೇಡಿಮಣ್ಣಿನಲ್ಲಿರುವ ಮರಳಿನಂಶದ ಜೊತೆ ಕೂಡಿ, ಗಾಜಿನ ಪದರವಾಗಿ ಕೂರುತ್ತದೆ. ಮೆರುಗು ಬೇರೆ ಬಳಿಯಬೇಕಿಲ್ಲ! ನನ್ನಜ್ಜಿಯೂ ನನಗೆ ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಚಟಪಟ ಅಂದರೆ ದೃಷ್ಟಿ ಹೋಯಿತು ಎಂದು. ನನಗೆ ಮೆರುಗು ಬರಲಿಲ್ಲ, ಅದು ಬೇರೆ ಮಾತು.

ಇಷ್ಟು ತಿಳಿದ ಮೇಲೂ ಬುದ್ಧಿ ಓಡಲಿಲ್ಲ. ನೆರೆಮನೆಯ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದಲ್ಲ? ನನ್ನ ಹೆಂಡತಿ ವೀಣಾ ಅದರ ತುಂಬ ಕೋಡುಬಳೆ ಇಟ್ಟಳು, ನಾನು ಕೊಟ್ಟು ಬಂದೆ. ಅಜ್ಜಿ ತಟ್ಟೆಯನ್ನೇ ದಿಟ್ಟಿಸಿ "ಗ್ರ್ಯಾಂಡ್" ಎಂದರು, ಅಂದರೆ ಪರವಾಗಿಲ್ಲ ಎಂದು. ಈ ದೇಶದಲ್ಲಿ ಕಾಲು ಮುರಿದವರೂ ಹಾಗೆಯೇ ಅನ್ನುತ್ತಾರೆ.

ಮರುದಿನದಿಂದ ಬೇಲಿಯಾಚೆ ಮಾತಿಲ್ಲ, ಕತೆಯಿಲ್ಲ. "ಹೋಗಿ ಕೇಳ್ರೀ, ಕೋಡುಬಳೆ ಖಾರ ಆಯ್ತೇನೋ!" ಎಂದಳು ವೀಣಾ. ಕೇಳಿದೆ. ಖಾರವಲ್ಲ. ಅಜ್ಜಿ ವಾಟರ್‌ಫರ್ಡ್‌ನ ಮಗಳ ಮನೆಯಲ್ಲೇ ನೆಲೆಸಲು ಹೊರಟಿದ್ದರು. ತಮ್ಮ ತಾಯಿಯಿಂದ ಬಂದ ತಟ್ಟೆಯನ್ನು ನೆನಪಿಗೆಂದು ನಮಗೇ ಕೊಟ್ಟಿದ್ದರು.

"ನಿಮಗೆ ಹಿಡಿಸಲಿಲ್ಲ ಅಂದ್ಕೊಂಡೆ," ಎಂದರು.

ನನ್ನ ಮುಖ ಸುಟ್ಟ ಬದನೆಕಾಯಿಯಂತಾಯಿತು. ತಡವರಿಸುತ್ತ ನಮ್ಮ ಪದ್ಧತಿ ವಿವರಿಸಿದೆ. ಅಜ್ಜಿ ಹೊಟ್ಟೆ ಹಿಡಿದು ನಕ್ಕರು. ಒಳಗೆ ಹೋಗಿ ತಟ್ಟೆ ತೊಳೆದು, ಒರೆಸಿ, ನನ್ನ ಕೈಗಿಟ್ಟರು. "ಈ ಸಲ ಏನೂ ಇಟ್ಟಿಲ್ಲ. ವಾಪಸ್ ಕೊಡೋ ಹಾಗಿಲ್ಲ!"

"ಅಯ್ಯೋ, ಊರು ಬಿಡೋರ ಕೈಯಿಂದ ಬರೀ ತಟ್ಟೆ ತಂದ್ರಾ?" ಮನೆಗೆ ಬಂದಾಗ ವೀಣಾ ಮುಖ ಸಣ್ಣ ಮಾಡಿದಳು.

ಅವಳ ಬೆರಳು ಹಿಡಿದು ಆ ಗುಳಿಗಳ ಮೇಲೆ ಆಡಿಸಿದೆ. "ಬರೀ ಎಲ್ಲಿ? ಉಪ್ಪಿದೆಯಲ್ಲೇ. ಎಷ್ಟು ತೊಳೆದರೂ ಹೋಗಲ್ಲ."

"ಹಾಗಾದ್ರೆ ಉಪ್ಪಿನ ಋಣ," ಎಂದಳು. "ವಾಟರ್‌ಫರ್ಡ್‌ಗೆ ಹೋಗಲೇಬೇಕು."

ಮುಂದಿನ ತಿಂಗಳು ಹೊರಟಿದ್ದೇವೆ, ಸ್ಟೀಲ್ ಡಬ್ಬಿಯ ತುಂಬ ಕೋಡುಬಳೆಯೊಂದಿಗೆ. ಡಬ್ಬಿಯನ್ನು ಬೇಕೆಂದೇ ಅಲ್ಲಿ ಮರೆತು ಬರುವುದೆಂದು ತೀರ್ಮಾನವಾಗಿದೆ. ನಮ್ಮ ಪದ್ಧತಿ ಈಗ ಅಜ್ಜಿಗೂ ಗೊತ್ತು.