ಕಷಾಯ ಕುಡಿದ ಗಂಟಲು

ಚಿಕ್ಕಬಾಣಾವರದಲ್ಲಿ ನನ್ನಷ್ಟು ಚೆನ್ನಾಗಿ ಸುಳ್ಳು ಹೇಳುವವನು ಇನ್ನೊಬ್ಬನಿಲ್ಲ. ಇದು ಜಂಬವಲ್ಲ, ನಮ್ಮ ರಸ್ತೆಯವರೇ ಒಪ್ಪಿಕೊಂಡ ವಿಷಯ. ಫ್ಯಾಕ್ಟರಿಯಲ್ಲಿದ್ದಾಗ ಫೋರ್‌ಮನ್‌ಗೆ ವರ್ಗವಾಗಿದೆ ಎಂದು ನಂಬಿಸಿ, ಬೀಳ್ಕೊಡುಗೆಯ ಮೈಸೂರುಪಾಕನ್ನು ಅವನ ಕೈಯಲ್ಲೇ ತರಿಸಿ ತಿಂದವನು ನಾನು. ನಿವೃತ್ತನಾದ ಮೇಲೆ ರಸ್ತೆಯೇ ನನ್ನ ಫ್ಯಾಕ್ಟರಿಯಾಯಿತು. ಎದುರುಗಡೆ ಹಾಲಿನ ಬೂತ್ ಇಟ್ಟವನಿಗೆ, “ಮೆಟ್ರೋ ನಮ್ಮ ರಸ್ತೆಗೇ ಬರುತ್ತಂತಯ್ಯ, ಕಂಬ ನಿನ್ನ ಬೂತಿನ ಮೇಲೇ” ಎಂದು ಹೇಳಿ ಅವನ ನಿದ್ದೆಗೆಡಿಸಿದ್ದೆ. ಅವನು ಅರ್ಜಿ ಬರೆಸಲು ಹೊರಟಾಗ ನಾನೇ ಹೋಗಿ ತಡೆಯಬೇಕಾಯಿತು.

ನಮ್ಮ ಮೇಲಿನ ಮಹಡಿಯನ್ನು ಕಾಲೇಜು ಹುಡುಗಿಯರಿಗೆ ಬಾಡಿಗೆಗೆ ಕೊಡುತ್ತಿದ್ದೆವು. ಆ ವರ್ಷ ಬಾಗಲಕೋಟೆ ಕಡೆಯ ಇಬ್ಬರಿದ್ದರು. ಒಂದು ಭಾನುವಾರ ಅವರು ಮೂರನೆಯವಳನ್ನು ಕರೆದುಕೊಂಡು ಬಂದರು. ಎತ್ತರದ ಹುಡುಗಿ. ಹಳದಿ ಚೂಡಿದಾರ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ ದುಪ್ಪಟ್ಟಾ.

“ಆಂಟಿ, ಮೊದಲ ಹೇಳಿಬಿಡ್ತೀವ್ರಿ,” ಎಂದಳು ಇಬ್ಬರಲ್ಲಿ ದೊಡ್ಡವಳು ನನ್ನ ಹೆಂಡತಿಗೆ. “ಇಕಿನ್ನ ಮನ್ಯಾಗ ಹುಡುಗ ಅಂತ ಬೆಳೆಸ್ಯಾರ. ಇಕಿ ಹುಡುಗಿ. ಹಾಸ್ಟೆಲ್‌ನಾಗ ಹುಡುಗರ ಜೋಡಿ ಹಾಕಿದ್ರು, ಭಾಳ ಕಾಡ್ಯಾರ್ರಿ. ನಮ್ಮ ಜೋಡಿ ಇರ್ತಾಳ, ನಿಮಗ ನಡೀತದೇನ್ರಿ?”

ಅವಳ ಅಪ್ಪ ಊರಿಗೆ ಕಾಲಿಡಬೇಡ ಎಂದಿದ್ದನಂತೆ. ಡಿಗ್ರಿಗೆ ಇನ್ನೊಂದು ವರ್ಷವಿತ್ತು. ಇರಲು ಜಾಗ ಸಿಕ್ಕರೆ ಓದು ಮುಗಿಯುತ್ತದೆ, ಇಲ್ಲದಿದ್ದರೆ ಇಲ್ಲ.

ನನ್ನ ಹೆಂಡತಿ ಆ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, “ಊಟ ಆಯ್ತೇನಮ್ಮ?” ಎಂದಳು. ಅಲ್ಲಿಗೆ ಮನೆ ಕೊಟ್ಟಾಯಿತು.

ನಾನು ಮಾತ್ರ ಸುಮ್ಮನಿರಲಿಲ್ಲ. “ರಸ್ತೇಲಿ ಕೇಳಿದ್ರೆ ಏನ್ ಹೇಳೋದು?” ಎಂದೆ.

“ಇರೋದನ್ನ ಇದ್ದ ಹಾಗೆ ಹೇಳೋದು ಕಣ್ರೀ. ಮನೆ ನಮ್ದು ತಾನೆ?”

“ನನ್ನ ಬಗ್ಗೆ ನಾನ ಹೇಳ್ಕೋತೀನ್ರಿ ಅಂಕಲ್,” ಎಂದಳು ಹುಡುಗಿ. ಎದೆಯಾಳದಿಂದ ಬರುವ ದಪ್ಪ ದನಿ.

“ನೀನ್ ಸುಮ್ನಿರಮ್ಮ, ನನಗ್ ಬಿಡು. ಈ ರಸ್ತೆ ಜನನ ನಾನ್ ನೋಡ್ಕೊಳ್ತೀನಿ!” ಎಂದು ಎದೆ ತಟ್ಟಿಕೊಂಡೆ.

ಮಾರನೆಯ ದಿನವೇ ಹಾಲಿನ ಬೂತಿನವನು ಕತ್ತು ಚಾಚಿದ. “ಯಜಮಾನ್ರೇ, ಮೇಲ್ಗಡೆ ಒಸ ಉಡುಗಿ ಬಂದೈತಲ್ಲ, ದನಿ ಯಾಕೆ ಅಂಗೈತೆ?”

“ನಮ್ಮ ತಂಗಿ ಮಗಳು ಕಣಯ್ಯ. ಕೋಗಿಲೆ ತರ ಹಾಡ್ತಿದ್ಲು. ಟೈಫಾಯ್ಡ್ ಬಂದು ಗಂಟಲೇ ಕೂತ್ಹೋಯ್ತು. ಜೋರಾಗಿ ಮಾತಾಡ್ಬಾರ್ದು ಅಂದಿದ್ದಾರೆ ಡಾಕ್ಟ್ರು.”

ನಾನು ಹೇಳಿದ ಅತ್ಯುತ್ತಮ ಸುಳ್ಳುಗಳಲ್ಲಿ ಅದೂ ಒಂದು. ನೆಂಟಸ್ತಿಕೆ, ಕಾಯಿಲೆ, ಕನಿಕರ, ಮೂರೂ ಒಂದೇ ಉಸಿರಿಗೆ ಬಂದವು. ಸಂಜೆಯೊಳಗೆ ಸುದ್ದಿ ರಸ್ತೆಯ ಕೊನೆಯ ಮನೆ ಮುಟ್ಟಿತು. ಅವಳ ದನಿಯ ಬಗ್ಗೆ ಆಮೇಲೆ ಯಾರೂ ಕೇಳಲಿಲ್ಲ, ಅಯ್ಯೋ ಪಾಪ ಎಂದರು. ನಾನು ಮೀಸೆ ತಿರುವಿಕೊಂಡು ಹೆಂಡತಿಯತ್ತ ನೋಡಿದೆ. ಅವಳು ನನ್ನತ್ತ ನೋಡಲಿಲ್ಲ.

ಬೂತಿನವನ ಹೆಂಡತಿ ಅಪ್ಪಟ ಹಳೇ ಊರಿನ ಹೆಂಗಸು. ಕಂಡವರ ಮಕ್ಕಳನ್ನೂ ಹಸಿವೇನೋ ಎಂದು ಕೇಳುವಂಥವಳು. ಮರುದಿನದಿಂದಲೇ ಅವಳು ಮೆಣಸು, ಜೀರಿಗೆ, ದೊಡ್ಡಪತ್ರೆ ಹಾಕಿ ಕಷಾಯ ಕಾಸತೊಡಗಿದಳು. ಹುಡುಗಿ ಕಾಲೇಜಿಗೆ ಹೊರಟರೆ ಬೂತಿನ ಮುಂದೆ ಲೋಟ ಹಿಡಿದು ನಿಂತಿರುತ್ತಿದ್ದಳು. “ಕುಡಿಯವ್ವ, ಗಂಟ್ಲು ಬಿಡ್ತದೆ.” ಹುಡುಗಿ ಮುಖ ಕಿವುಚಿಕೊಂಡು ಕುಡಿಯುತ್ತಿದ್ದಳು. ನಾನು ಗೇಟಿನ ಹಿಂದೆ ನಿಂತು ನಗುತ್ತಿದ್ದೆ.

“ಅಂಕಲ್, ಇನ್ನೊಂದ್ ವಾರ ಇದನ್ನ ಕುಡದ್ರ ನಾ ಖರೇನ ಕೋಗಿಲೆ ಆಗ್ತೀನ್ರಿ,” ಎಂದು ಅವಳೂ ಮೊದಮೊದಲು ನಗುತ್ತಿದ್ದಳು.

ಆಮೇಲೆ ನಗು ಕಡಿಮೆಯಾಯಿತು. ರಸ್ತೆಯಲ್ಲಿ ಅವಳು ಪಿಸುಗುಡಬೇಕಾಗಿತ್ತಲ್ಲ. ಗೆಳತಿಯರನ್ನು ಕೂಗುವಂತಿಲ್ಲ, ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಂತಿಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಲ್ಲುವ ಹುಡುಗಿ ಅವಳು. ಗಣೇಶನ ಹಬ್ಬಕ್ಕೆ ಪೆಂಡಾಲಿನ ಹುಡುಗರು ನಿರೂಪಣೆಗೆ ಜನ ಹುಡುಕುತ್ತಿದ್ದಾಗ ಅವಳ ಕಣ್ಣು ಅರಳಿದ್ದನ್ನು ನಾನೇ ಕಂಡೆ. “ಇವಳಿಗೆ ಗಂಟಲು ಸರಿಯಿಲ್ವಲ್ಲಪ್ಪ,” ಎಂದು ನಾನೇ ಹೇಳಿ ಕಳಿಸಿದೆ. ಆ ಸಂಜೆ ಅವಳು ಮಹಡಿಯ ಮೇಲೆ ನಿಂತು ಬೇರೆ ಯಾರೋ ಮೈಕಿನಲ್ಲಿ ತಡವರಿಸುವುದನ್ನು ಕೇಳುತ್ತಿದ್ದಳು. ನಾನು ಗಣೇಶನ ಪ್ರಸಾದದ ಚರುಪು ಕೊಡಲು ಹೋದರೆ ತಿರುಗಲಿಲ್ಲ.

ಕೊನೆಯ ಪರೀಕ್ಷೆಗೆ ಇನ್ನೆರಡು ತಿಂಗಳಿದ್ದಾಗ ಒಂದು ಬೆಳಗ್ಗೆ ನಾನು ಬೂತಿನಲ್ಲಿ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳುತ್ತಿದ್ದೆ. ಅವಳು ಲೋಟ ತೆಗೆದುಕೊಂಡು, ಕುಡಿಯದೆ ಕಟ್ಟೆಯ ಮೇಲಿಟ್ಟಳು.

“ಅವ್ವಾರ, ನನ್ನ ಗಂಟಲಕ್ಕ ಏನೂ ಆಗಿಲ್ರಿ. ನನ್ನ ದನಿನ ಹಿಂಗ ಐತ್ರಿ. ನಾ ಟ್ರಾನ್ಸ್‌ಜೆಂಡರ್ ಹುಡುಗಿ. ನೀವು ಇಷ್ಟ್ ಪ್ರೀತಿಲೆ ಕೊಡ್ತೀರಿ, ನನಗ ಇನ್ನ ತಡ್ಕೊಳ್ಳಾಕ ಆಗವಲ್ದ್ರಿ.”

ಬೂತಿನವನ ಹೆಂಡತಿ ಲೋಟ ಎತ್ತಿ ಕಷಾಯವನ್ನು ಮೋರಿಗೆ ಚೆಲ್ಲಿದಳು. ಆಮೇಲೆ ಹೇಳಿದಳು: “ನೀನ್ ಏನಾರ ಆಗಿರವ್ವ, ಅದ್ನ ನಾನ್ ಕೇಳಕಿಲ್ಲ. ಇಷ್ಟ್ ತಿಂಗ್ಳು ಬೆಳಗೆದ್ದು ಕಷಾಯ ಕಾಸ್ದೆನಲ್ಲ, ನನ್ ಮಕ ನೋಡ್ಕಂಡು ಎಂಗ್ ಕುಡ್ದೆ ನೀನು?”

“ಸುಳ್ ಹೇಳಿದ್ದು ನಾನು ಕಣಮ್ಮ!” ಎಂದೆ. “ಅವಳದೇನೂ ತಪ್ಪಿಲ್ಲ.”

“ನೀವ್ ಸುಮ್ಕಿರಿ ಯಜಮಾನ್ರೇ, ನಿಮ್ದು ಇದ್ದಿದ್ದೇಯ.”

ಅವಳ ಗಂಡ ಒಳಗಿನಿಂದ ನಕ್ಕ. “ಮೆಟ್ರೋ ಕಂಬ ನಿಲ್ಸಿದ್ ಮನ್ಸ ಅಲ್ವ ಇವ್ರು!”

ಅಷ್ಟೇ. ಒಂದೇ ಸುಳ್ಳಿಗೆ ನನಗೆ ಸಿಕ್ಕಿದ್ದು ನಗು, ಅವಳಿಗೆ ಸಿಕ್ಕಿದ್ದು ಮೋಸಗಾತಿ ಎಂಬ ಹೆಸರು. ಅವಳು ತಾನೇ ಹೇಳಿಕೊಳ್ಳುತ್ತೇನೆ ಎಂದಿದ್ದಳು, ತಡೆದವನು ನಾನು ಎಂದು ಮನೆಮನೆಗೆ ಹೋಗಿ ನಿಜ ಹೇಳಿದೆ. ಬದುಕಿನಲ್ಲಿ ಅಷ್ಟು ಶ್ರದ್ಧೆಯಿಂದ ನಿಜ ಹೇಳಿದ್ದು ಅದೇ ಮೊದಲು, ಯಾರೂ ನಂಬಲಿಲ್ಲ. ಇದೂ ಒಂದು ತಮಾಷೆ ಎಂದುಕೊಂಡು ಕಾಫಿ ಕೊಟ್ಟು ಕಳಿಸಿದರು. ಅದೇ ಜನ ಅವಳು ಬೂತಿನ ಮುಂದೆ ಹಾದುಹೋದರೆ ಬೆನ್ನು ತಿರುಗಿಸುತ್ತಿದ್ದರು. ಮಕ್ಕಳು “ಕಷಾಯ, ಕಷಾಯ” ಎಂದು ಹಿಂದೆ ಓಡುತ್ತಿದ್ದವು.

“ಪರೀಕ್ಷೆವರೆಗಾದ್ರೂ ಇರಮ್ಮ,” ಎಂದಳು ನನ್ನ ಹೆಂಡತಿ. ಅಮೃತಹಳ್ಳಿಯಲ್ಲಿ ತನ್ನಂಥವರೇ ನಾಲ್ಕೈದು ಜನ ಸೇರಿ ಮನೆ ಮಾಡಿದ್ದಾರೆ, ಅಲ್ಲಿಗೆ ಹೋಗುತ್ತೇನೆ ಎಂದಳು ಹುಡುಗಿ. ಅಲ್ಲಿಂದ ಕಾಲೇಜಿಗೆ ಹೆಬ್ಬಾಳದಲ್ಲಿ ಬಸ್ಸು ಬದಲಿಸಿ ಬರಬೇಕು ಎಂದು ನಾನು ಹೇಳಿದೆ. ಅವಳಿಗೆ ಅದು ಗೊತ್ತಿತ್ತು.

ಸಾಮಾನು ಒಯ್ಯಲು ಲಗೇಜ್ ಆಟೋ ಬಂತು. ನಮ್ಮ ರಸ್ತೆ ಇಕ್ಕಟ್ಟು, ಹಿಂದಕ್ಕೆ ಬರಲು ಡ್ರೈವರ್ ಒದ್ದಾಡುತ್ತಿದ್ದ. ಹುಡುಗಿ ನಡುರಸ್ತೆಗೆ ಇಳಿದು ಕೈಯೆತ್ತಿ ಕೂಗಿದಳು: “ಬರ್ರಿ, ಬರ್ರಿ, ಹಿಂದ ಬರ್ರಿ! ಎಡಕ್ಕ ಹೊಡೀರಿ! ಸಾಕು, ನಿಲ್ಸ್ರಿ!”

ರಸ್ತೆಯ ಆ ತುದಿಗೂ ಕೇಳುವಂಥ ದನಿ. ತುಂಬಿದ, ಗಟ್ಟಿಯಾದ, ಎಲ್ಲೂ ನಡುಗದ ದನಿ. ಇಷ್ಟು ತಿಂಗಳೂ ಅದನ್ನು ನನ್ನ ಜಾಣತನದ ಕೆಳಗೆ ಅದುಮಿಟ್ಟಿದ್ದೆ. ಬೂತಿನವನ ಹೆಂಡತಿ ಬಾಗಿಲಿಗೆ ಬಂದಳು. “ಗಂಟ್ಲು ಚೆನ್ನಾಗೇ ಐತಲ್ಲ,” ಎಂದು ಒಳಗೆ ಹೋದಳು.

ಕೊನೆಯ ಸೆಮಿಸ್ಟರ್ ಪರೀಕ್ಷೆಗೆ ಅವಳು ಕೂರಲಿಲ್ಲ, ಅಷ್ಟು ದೂರದಿಂದ ದಿನಾ ಬರಲಾಗದೆ ಹಾಜರಾತಿ ಸಾಲಲಿಲ್ಲ ಎಂದು ಗೆಳತಿಯರಿಬ್ಬರೂ ಹೇಳಿದರು. ಆಮೇಲೆ ಅವರೂ ಓದು ಮುಗಿಸಿ ಹೊರಟುಹೋದರು.

ಸ್ಟೇಷನ್ ಕಟ್ಟೆಯ ಮೇಲೆ ಕೂತು ನಮ್ಮ ಮುದುಕರ ಗುಂಪಿಗೆ ಈ ಕಥೆಯನ್ನು ನಾನು ಈಗಲೂ ಹೇಳುತ್ತೇನೆ. ಕಷಾಯದ ಭಾಗಕ್ಕೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆಮೇಲೇನಾಯ್ತು ಗುರು ಎಂದು ಕೇಳಿದರೆ, ರೈಲು ಬಂತು ನೋಡ್ರೋ ಎಂದು ಹೇಳಿ ಎದ್ದುಬಿಡುತ್ತೇನೆ. ಎಷ್ಟೋ ಸಲ ರೈಲು ಬಂದಿರುವುದಿಲ್ಲ.