ಕರಿಬೇವಿನ ಕುಂಡದಲ್ಲಿ ನಿಂತ ಗಾಜು

ತಿರುವನಂತಪುರದ ಲ್ಯಾಬಿನಲ್ಲಿ ನಾವು ಪೆರೋವ್‌ಸ್ಕೈಟ್ ಸೋಲಾರ್ ಸೆಲ್ ತಯಾರಿಸುತ್ತೇವೆ. ಗಾಜುಗಳ ನಡುವಿನ ಪದರ ಕಪ್ಪಗಿದ್ದರೆ ಸೆಲ್ ಚೆನ್ನಾಗಿದೆ ಎಂದರ್ಥ. ನೀರು ತಾಗಿದರೆ ಅದು ಹಳದಿಯಾಗುತ್ತದೆ, ಒಳಗಿನ ವಿಷಕಾರಿ ಸೀಸ ಸೋರತೊಡಗುತ್ತದೆ. ಎಸಿಯೊಳಗೆ ಬಾಳಿದರೆ ಏನು ದೊಡ್ಡಸ್ತಿಕೆ? ಮಳೆಗೂ ತಾಳಬೇಕು ಎಂದು, ಅಂಚು ಸೀಲ್ ಮಾಡಿದ ಒಂದು ಸೆಲ್ಲನ್ನು ಕೊಚ್ಚಿಗೆ ಒಯ್ದು, ಕಲೂರಿನ ಅಕ್ಕನ ಮನೆಯ ತಾರಸಿಯಲ್ಲಿಟ್ಟು ಬಂದೆ.

ಫೋನ್ ಮಾಡಿದಾಗಲೆಲ್ಲ ಅಕ್ಕ, “ಕಪ್ಪೇ ಉಂಟು ಮಾರಾಯ, ನಿನಗೆ ಎಂತ ಇಷ್ಟು ಹೆದರಿಕೆ?” ಎನ್ನುತ್ತಿದ್ದಳು. ಮಳೆಗಾಲವಿಡೀ ನಾನು ಬೀಗಿದ್ದೇ ಬೀಗಿದ್ದು.

ಓಣಂ ರಜೆಯಲ್ಲಿ ಹೋಗಿ ನೋಡಿದರೆ ಸೆಲ್ ಕಪ್ಪಗೇ ಇತ್ತು. ಆದರೆ ಪಕ್ಕದ ಗೋಡೆ, ನೀರಿನ ಪೈಪು, ಬಟ್ಟೆಯ ಕ್ಲಿಪ್ಪುಗಳೂ ಅಷ್ಟೇ ಕಪ್ಪಗಿದ್ದವು. ಗಾಜನ್ನು ಬೆರಳಿನಿಂದ ಒರಸಿದೆ. ಕರಿ ಪಾಚಿ ಕಿತ್ತು ಬಂತು. ಅಡಿಯಲ್ಲೆಲ್ಲ ಅಚ್ಚ ಹಳದಿ. ಕೆಳಗಿನ ಅಂಚಿನ ಸೀಲ್ ಬಿಟ್ಟುಕೊಂಡಿತ್ತು. ಗಾಳಿಗೆ ಬೀಳದಿರಲೆಂದು ಅಕ್ಕ ಅದನ್ನು ಕರಿಬೇವಿನ ಕುಂಡದ ಮಣ್ಣಿನಲ್ಲಿ ಊರಿ ನಿಲ್ಲಿಸಿದ್ದಳು. ಗಿಡದ ಎಸಳುಗಳನ್ನು ಆಗಷ್ಟೇ ಚಿವುಟಿದ ಗುರುತಿತ್ತು.

ಒಗ್ಗರಣೆಯ ಘಮ ತಾರಸಿಯವರೆಗೂ ಬಂತು.

“ಬೇಗ ಬಾ ಮಾರಾಯ,” ಅಕ್ಕ ಕೆಳಗಿನಿಂದ ಕೂಗಿದಳು, “ಮಕ್ಕಳು ಆಗಲೇ ಉಣ್ಲಿಕ್ಕೆ ಕೂತಾಯ್ತು.”