ದ್ವೀಪದ ಕೋಣೆಯ ಎರಡನೇ ಹಾಸಿಗೆ

ಆತ್ಮ, ಸೂಚನೆ ಎಂದೆಲ್ಲ ಯಾರಾದರೂ ಶುರು ಮಾಡಿದರೆ ನಾನು ಎದ್ದು ಚಹಾ ಕುಡಿಯಲು ಹೋಗುವ ಆಸಾಮಿ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವೇ ನೋಡಿ.

ಕುವೈತಿನ ಶರ್ಕ್‌ನಲ್ಲಿ ಒಂದು ಟ್ರಾವೆಲ್ ಆಫೀಸಿನಲ್ಲಿ ನನ್ನ ಕೆಲಸ. ಹೆಂಡತಿ ಲವೀನಾ ನರ್ಸ್. ಹವಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಮಾತೆಲ್ಲ ಕೊಂಕಣಿ. ನನ್ನನ್ನು ಬೈಯಲು, ಕೆಣಕಲು ಮಾತ್ರ ಅವಳಿಗೆ ಕನ್ನಡ ಬೇಕಿತ್ತು. ದಕ್ಷಿಣ ಅಮೆರಿಕಕ್ಕೆ ಒಂದು ವಾರ ಹೋಗಬೇಕೆಂಬುದು ಅವಳ ಬಹುಕಾಲದ ಹಠ. ಎರಡು ದಿನ ಕೀಟೋ ನಗರದ ಹಳೇ ಸ್ಪ್ಯಾನಿಶ್ ಬೀದಿಗಳು, ಇಗರ್ಜಿಗಳು. ಆಮೇಲೆ ಗಲಾಪಗೋಸ್ ದ್ವೀಪದಲ್ಲಿ ದೈತ್ಯ ಆಮೆಗಳು. "ಮುಂದಿನ ವರ್ಷ" ಎನ್ನುತ್ತಲೇ ನಾನು ಊರವರಿಗೆಲ್ಲ ಟಿಕೆಟ್ ಮಾಡಿಕೊಟ್ಟೆ. ಅಷ್ಟರಲ್ಲಿ ಅವಳ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು.

ಡಾಕ್ಟರು ಕೈಚೆಲ್ಲಿದ ದಿನ ನಾನು ಒಂದು ಡಮ್ಮಿ ಬುಕಿಂಗ್ ಮಾಡಿದೆ. ವೀಸಾ ಅರ್ಜಿಗೆ ತೋರಿಸಲು ಗಿರಾಕಿಗಳಿಗೆ ನಾವು ಮಾಡಿಕೊಡುವಂಥದ್ದು. ಸೀಟು ಎರಡು ದಿನ ನಿಂತು ತಾನಾಗಿ ಬಿದ್ದುಹೋಗುತ್ತದೆ, ಕಾಗದ ಮಾತ್ರ ಅಸಲಿಯಂತೆಯೇ ಇರುತ್ತದೆ. ದ್ವೀಪದ ಪುಟ್ಟ ವಸತಿಗೃಹವೊಂದಕ್ಕೂ ಮೇಲ್ ಹಾಕಿ ಎರಡು ಹಾಸಿಗೆಯ ಕೋಣೆ ಹಿಡಿದೆ. ಪ್ರಿಂಟನ್ನು ಅವಳು ಬಹಳ ಹೊತ್ತು ಓದಿದಳು.

"ಕನ್‌ಫರ್ಮ್ ಆಗಿದೆಯಾ ಮಾರಾಯ್ರೆ?"

"ಆಗಿದೆ."

"ಮತ್ತೆ ಕನ್ನಡಕ ಯಾಕೆ ಒರೆಸುದು ನೀವು?" ಎಂದು ನಕ್ಕಳು.

ಬ್ಯಾಗಿಗೆ ಹ್ಯಾಟು ಹಾಕಿಸಿದಳು, ಜೀರಿಗೆ ಡಬ್ಬಿಯನ್ನು ತಾನೇ ತುಂಬಿಸಿದಳು. ಕೀಮೋ ಶುರುವಾದ ಮೇಲೆ ಜೀರಿಗೆ ನೀರು ಬಿಟ್ಟು ಬೇರೇನೂ ಅವಳಿಗೆ ದಕ್ಕುತ್ತಿರಲಿಲ್ಲ. ಅದನ್ನೆಲ್ಲ ನೋಡುತ್ತಾ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಹೇಡಿ, ಮತ್ತೇನು.

ಹೊರಡಬೇಕಿದ್ದ ವಾರ ಅವಳು ಆಸ್ಪತ್ರೆಯಲ್ಲಿದ್ದಳು. ಬುಧವಾರದಿಂದ ಪ್ರಜ್ಞೆ ಇರಲಿಲ್ಲ. ಶುಕ್ರವಾರ ಸಂಜೆ ನಾಲ್ಕೂವರೆಗೆ ಮಂಚದ ಪಕ್ಕ ಕೂತಿದ್ದಾಗ ಫೋನಿಗೆ ಮೇಲ್ ಬಂತು. ದ್ವೀಪದ ವಸತಿಗೃಹದ್ದು. ಆ ಕೋಣೆಯನ್ನು ರದ್ದು ಮಾಡಲು ಮರೆತಿದ್ದೆ. ಇಷ್ಟು ವರ್ಷದ ಕೆಲಸದಲ್ಲಿ ಅಂಥ ತಪ್ಪು ಮಾಡಿದವನಲ್ಲ.

ಮುರುಕು ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟು: ಮೇಡಂ ನಿನ್ನೆ ಸಂಜೆ ಒಬ್ಬರೇ ಬಂದರು. ನಮ್ಮ ಅಡುಗೆಮನೆಯಲ್ಲಿ ತಾವೇ ಜೀರಿಗೆ ನೀರು ಕಾಯಿಸಿಕೊಂಡರು. ಈಗ ಆಮೆ ನೋಡಲು ಹೊರಟಿದ್ದಾರೆ. ನೀವು ಟಿಕೆಟ್ ಮಾಡಿಸಿಯೇ ಇಲ್ಲವೆಂದು ಅವರಿಗೆ ಗೊತ್ತಂತೆ. ಎರಡನೇ ಹಾಸಿಗೆ ತೆಗೆದುಬಿಡಬಹುದೇ?

ಟಿಕೆಟ್ಟಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಲವೀನಾ ನನ್ನ ಕಣ್ಣೆದುರೇ ಮಲಗಿದ್ದಳು, ಅವಳ ಕೈ ಬೆಚ್ಚಗೇ ಇತ್ತು. ಇನ್ನೊಂದು ಗಂಟೆಯೊಳಗೆ ಹೋದಳು.

ಕೆಲವು ವಾರಗಳ ನಂತರ ಆಫೀಸಿನ ಗೆಳೆಯ ಹಮೀದನಿಗೆ ಆ ಮೇಲ್ ತೋರಿಸಿದೆ. "ಅದು ಬೇರೆ ಯಾರೋ ಗೆಸ್ಟ್ ಆಗಿರ್ಬೇಕು ಭಾಯಿ, ಹೆಸರು ಮಿಕ್ಸ್ ಆಗಿರ್ತದೆ. ಒಂದು ರಿಪ್ಲೈ ಹಾಕಿ ಕೇಳಿ, ಖಲಾಸ್" ಎಂದ.

ಸರಿಯಾದ ಮಾತೇ. ಆದರೆ ಬೇರೆ ಯಾರೋ ಎಂದು ಉತ್ತರ ಬಂದರೆ ಅವಳು ಆಮೆಗಳನ್ನು ನೋಡಲೇ ಇಲ್ಲ. ಅವಳೇ ಎಂದು ಬಂದರೆ, ನನ್ನ ಸುಳ್ಳು ಗೊತ್ತಿದ್ದೂ ನಗುತ್ತಾ ಡಬ್ಬಿ ತುಂಬಿಸಿದಳು, ಒಬ್ಬಳೇ ಹೋದಳು. ಎರಡರಲ್ಲಿ ಯಾವುದನ್ನೂ ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ಬ್ಯಾಗು ಇನ್ನೂ ಕಪಾಟಿನ ಮೇಲೇ ಇದೆ. ಡಬ್ಬಿ ತೆರೆದು ನೋಡಿಲ್ಲ. ಎರಡನೇ ಹಾಸಿಗೆ ತೆಗೆಯಿರಿ ಎಂದು ಬರೆಯಲು ಕೈ ಬಂದಿಲ್ಲ.